ಗೋಡೆಗೆ ಯಾವ ಅನುವಾದಕರ ಹೆಸರು ಅಂಟಿಸೋಣ?

ಅಪ್ಪನ ಕೆರೆ ಓದುಗ

ಸೆಪ್ಟೆಂಬರ್ 30 ಅಂತರರಾಷ್ಟ್ರೀಯ ಅನುವಾದ ದಿನ. ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ತೀರಿಕೊಂಡ ದಿನವದು. ಈ ಸಲ ಆ ಸಂಜೆ ನಮ್ಮ ಓಣಿಯ ವಾಚನಾಲಯದಲ್ಲಿ ಒಂದು ಸಣ್ಣ ಕೂಟ ಇಟ್ಟುಕೊಂಡಿದ್ದೇವೆ. ಹಾರ ಇಲ್ಲ, ಶಾಲು ಇಲ್ಲ, ಅಧ್ಯಕ್ಷರ ನುಡಿ ಇಲ್ಲ. ಒಂದು ಗೋಡೆಯನ್ನು ಖಾಲಿ ಮಾಡಿಸಿದ್ದೇವೆ. ಕಲಬುರಗಿ, ಬೀದರ, ಯಾದಗಿರಿ ಸೀಮೆಗೆ ಸಂಬಂಧಪಟ್ಟ ಅನುವಾದಕರ ಬಗ್ಗೆ ಒಂದೊಂದು ಹಾಳೆ ಬರೆದು ಅದರ ಮೇಲೆ ಅಂಟಿಸುವುದು, ಬಂದವರು ಓದುವುದು, ಚಹಾ ಕುಡಿಯುವುದು. ಅಷ್ಟೇ.

ಈ ವಿಚಾರ ಹುಟ್ಟಿದ್ದು ಮೇ ತಿಂಗಳಲ್ಲಿ. ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ವಾಚನಾಲಯದಲ್ಲಿ ಪೇಡೆ ಹಂಚಿದೆವು. ಪತ್ರಿಕೆಯ ಚಿತ್ರ ನೋಡುತ್ತಿದ್ದ ಹುಡುಗನೊಬ್ಬ "ಪಕ್ಕದಲ್ಲಿ ನಿಂತವರು ಯಾರು?" ಎಂದು ಕೇಳಿದ. ಅನುವಾದಕಿ ದೀಪಾ ಭಾಸ್ತಿ, ಬಹುಮಾನದ 50,000 ಪೌಂಡಿನಲ್ಲಿ ಅವರಿಗೂ ಸರಿಪಾಲು ಎಂದೆ. ಹಿರಿಯರೊಬ್ಬರು, "ನಮ್ಮಲ್ಲಿ ಅಣ್ಣತಮ್ಮಂದಿರಿಗೂ ಇಷ್ಟು ನೇರ ಪಾಲು ಆಗುವುದಿಲ್ಲವಲ್ಲ" ಎಂದು ನಕ್ಕರು.

ಪಟ್ಟಿ ಮಾಡಲು ಕುಳಿತೆ. ನಾಲ್ಕು ಹೆಸರಿಗೆ ಪೆನ್ನು ನಿಂತಿತು. ನೀವು ಹೇಳಿ. ಷರತ್ತು ಒಂದೇ: ಬದುಕಿರುವವರ ಹೆಸರು ಬೇಡ. ಒಬ್ಬರನ್ನು ಹಾಕಿ ಇನ್ನೊಬ್ಬರನ್ನು ಬಿಟ್ಟರೆ ನಾನು ಸೂಪರ್ ಮಾರ್ಕೆಟಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಮಳಖೇಡದ ಮೇಷ್ಟ್ರು

ಮೊದಲ ಹಾಳೆ ಶ್ರೀವಿಜಯನದು. ಇದರಲ್ಲಿ ಚರ್ಚೆಯೇ ಬೇಡ.

ಕನ್ನಡದಲ್ಲಿ ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ, ಸುಮಾರು ಕ್ರಿ.ಶ. 850ರದ್ದು. ಅದು ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ನಮ್ಮ ಕಾಗಿಣಾ ದಂಡೆಯ ಮಾನ್ಯಖೇಟದಲ್ಲಿ. ಅದರ ಬಹುಪಾಲು ದಂಡಿಯ ಸಂಸ್ಕೃತ ಗ್ರಂಥ ಕಾವ್ಯಾದರ್ಶವನ್ನು ಬೆನ್ನಿಗಿಟ್ಟುಕೊಂಡು ನಡೆಯುತ್ತದೆ. ಕೆಲವು ಪದ್ಯಗಳು ನೇರ ಅನುವಾದ, ಕೆಲವು ತಿರುಗಿಸಿ ಹೊಲಿದವು. ಅಂದರೆ ನಮ್ಮ ಸಾಹಿತ್ಯದ ಮನೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಬಾಗಿಲನ್ನು ಕೆತ್ತಿದವನು ಒಬ್ಬ ಅನುವಾದಕ. ಆದರೆ "ಕಾವೇರಿಯಿಂದಮಾ ಗೋದಾವರಿವರಮಿರ್ದ" ನಾಡು ದಂಡಿಯಲ್ಲಿ ಎಲ್ಲಿದೆ? ಸಂಸ್ಕೃತವನ್ನು ಕನ್ನಡಕ್ಕೆ ತರಲು ಹೊರಟವನಿಗೆ ದಾರಿಯಲ್ಲಿ ಕನ್ನಡದ ಮೇರೆ ಕಂಡಿತು.

ಒಂದು ದೂರು ಮಾತ್ರ ಇದೆ. ತಿರುಳ್ಗನ್ನಡದ ಊರುಗಳನ್ನು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು ಎಣಿಸಿದವನು ತಾನು ಕುಳಿತು ಬರೆದ ಮಾನ್ಯಖೇಟವನ್ನು ಬಿಟ್ಟುಬಿಟ್ಟ. ಸಾವಿರದ ನೂರೆಪ್ಪತ್ತು ವರ್ಷವಾದರೂ ನನಗೆ ಈ ಸಿಟ್ಟು ಇಳಿದಿಲ್ಲ.

ಅದೇ ಆಸ್ಥಾನದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ಒಯ್ದ. ಅವನನ್ನೂ ಒಂದು ಮೂಲೆಯಲ್ಲಿ ಸೇರಿಸಿಕೊಳ್ಳಿ. ಲೆಕ್ಕದ ಮೇಷ್ಟ್ರುಗಳಿಗೆ ಸಂತೋಷವಾಗುತ್ತದೆ.

ತೊಗರಿ ಕಣಜ

ಮೇಷ್ಟ್ರೇ, ಅದು ಅನುವಾದವಲ್ಲ, ಅನುಸರಣೆ. ಬೇಕಾದ್ದನ್ನು ಹಿಡಿದು ಬೇಡದ್ದನ್ನು ಬಿಟ್ಟು ತನ್ನದನ್ನು ಸೇರಿಸಿದವನನ್ನು ಅನುವಾದಕ ಎನ್ನುವುದಾದರೆ ಪಂಪನನ್ನೂ ಕುಮಾರವ್ಯಾಸನನ್ನೂ ಗೋಡೆಗೆ ಅಂಟಿಸಬೇಕಾಗುತ್ತದೆ. ಗೋಡೆ ಎಷ್ಟು ಅಡಿ ಇದೆ?

ಅಪ್ಪನ ಕೆರೆ ಓದುಗ

ಹತ್ತು ಅಡಿ. ನಡುವೆ ಒಂದು ಸ್ವಿಚ್ ಬೋರ್ಡ್ ಇದೆ.

ಭೀಮಾ ತೀರ

ಶ್ರೀವಿಜಯನಿಗಿಂತ ಸಾವಿರ ವರ್ಷ ಹಿಂದಿನವನೊಬ್ಬ ನನ್ನ ಹತ್ತಿರ ಇದ್ದಾನೆ. ಹೆಸರು ಮಾತ್ರ ಇಲ್ಲ.

ಸನ್ನತಿಯ ಕಥೆ ನಿಮಗೆ ಗೊತ್ತಿರುತ್ತದೆ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಕೆಳಗೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಎರಡೂ ಮೈಯಲ್ಲಿ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ವಿಗ್ರಹ ನಿಲ್ಲಿಸಲು ನಡುವೆ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹಾರಿಹೋಗಿವೆ. ಉಳಿದಿರುವುದು 12 ಮತ್ತು 14ನೇ ಬಂಡೆ ಶಾಸನಗಳ ಪಾಠ, ಜೊತೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು.

12ನೆಯದು ಬಹಳ ದೊಡ್ಡ ಮಾತು: ನಿನ್ನ ಪಂಥವನ್ನು ಹೊಗಳಿಕೊಳ್ಳಲು ಇನ್ನೊಬ್ಬರ ಪಂಥವನ್ನು ತೆಗಳಬೇಡ, ನಾಲಿಗೆಯ ಮೇಲೆ ಹಿಡಿತವಿರಲಿ. ಈಗ ನೋಡಿ, ಇದೇ 12ನೇ ಶಾಸನದ ಕೊನೆಯ ಭಾಗ ಅಫ್ಘಾನಿಸ್ತಾನದ ಕಂದಹಾರದಲ್ಲಿ 1963ರಲ್ಲಿ ಸಿಕ್ಕಿತು, ಗ್ರೀಕ್ ಭಾಷೆಯಲ್ಲಿ. ಅಲ್ಲಿ 'ಧಮ್ಮ' ಎಂಬ ಪದಕ್ಕೆ 'ಯೂಸೆಬೇಯಾ' ಎಂದು ಹಾಕಿದ್ದಾರೆ. ದೇವರ ಬಗ್ಗೆ, ಹಿರಿಯರ ಬಗ್ಗೆ ಇರುವ ಭಯಭಕ್ತಿ ಎಂಬ ಅರ್ಥದ ಪದ. ಸರಿಯೋ ತಪ್ಪೋ, ಯಾರೋ ಒಬ್ಬ ಅಲ್ಲಿ ಕುಳಿತು ತಲೆ ಕೆರೆದುಕೊಂಡು ಆ ಪದವನ್ನು ಆರಿಸಿದ್ದಾನೆ.

ಆದರೆ ನಾನು ಹೇಳಲು ಬಂದವನು ಅವನಲ್ಲ, ನಮ್ಮವನು. ಆ ಪ್ರತ್ಯೇಕ ಶಾಸನದಲ್ಲಿ ಒಂದು ಅಪ್ಪಣೆ ಇದೆ: ತಿಷ್ಯ ನಕ್ಷತ್ರದ ದಿನ ಇದನ್ನು ಕೇಳಿಸಬೇಕು, ಒಬ್ಬನೇ ಇದ್ದರೂ ಅವನು ಕೇಳಬೇಕು. ಶಾಸನ ಇರುವುದು ಪ್ರಾಕೃತದಲ್ಲಿ. ಭೀಮೆಯ ದಂಡೆಯ ರೈತನಿಗೆ, ಕುರುಬನಿಗೆ ಪ್ರಾಕೃತ ಬರುತ್ತಿತ್ತೇ? ಓದಿದವನು ಓದಿ ಸುಮ್ಮನೆ ಎದ್ದು ಹೋಗಿರಲಾರ. "ಏನಂತೆ?" ಎಂದು ಕೇಳಿದವರಿಗೆ ಅವರ ಮಾತಿನಲ್ಲಿ ಹೇಳಿರಲೇಬೇಕು. ಇದು ನನ್ನ ಊಹೆ, ಕಲ್ಲಿನ ಮೇಲೆ ಬರೆದಿಲ್ಲ. ಆದರೂ ಗೋಡೆಯ ಮೊದಲ ಹಾಳೆ ಅವನಿಗೆ ಬಿಡಿ. ಹೆಸರಿನ ಜಾಗ ಖಾಲಿ ಇರಲಿ.

ಮಳಖೇಡದ ಮೇಷ್ಟ್ರು

ಒಪ್ಪಿದೆ. ಶ್ರೀವಿಜಯ ಎರಡನೆಯವನಾಗಲಿ. ಇಷ್ಟು ಬೇಗ ನಾನು ಯಾವ ಚರ್ಚೆಯಲ್ಲೂ ಸೋತಿರಲಿಲ್ಲ.

ಕೋರ್ಟ್ ರಸ್ತೆ ಗುಮಾಸ್ತ

ಅಣ್ಣತಮ್ಮಂದಿರ ಪಾಲಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಗುಮಾಸ್ತನಾಗಿದ್ದೇನೆ. ನಮ್ಮ ಕಡೆಯ ಒಬ್ಬನ ಬರಹ ಅನುವಾದವಾದದ್ದರಿಂದ ಇಡೀ ದೇಶದ ಮನೆಗಳ ಪಾಲು ಹೇಗೆ ನಿರ್ಧಾರವಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ.

ವಿಜ್ಞಾನೇಶ್ವರ. ಅವನ ಊರು ಶಹಾಬಾದ್ ಹತ್ತಿರದ ಮರತೂರು ಎಂದು ನಮ್ಮಲ್ಲಿ ಹೇಳುತ್ತಾರೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. 'ಸಪಿಂಡ' ಎಂಬ ಒಂದು ಪದವನ್ನು ನೋಡಿ. ಪಿಂಡ ಎಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ ಎಂದು ಹಿಡಿದರೆ, ಪಿಂಡ ಇಡುವ ಹಕ್ಕಿದ್ದವನಿಗೆ ಆಸ್ತಿ. ವಿಜ್ಞಾನೇಶ್ವರ ಹಾಗೆ ಹಿಡಿಯಲಿಲ್ಲ. ಪಿಂಡ ಎಂದರೆ ದೇಹ, ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು ಎಂದ. ಒಂದು ಪದದ ಅರ್ಥ ಬದಲಾಯಿತು, ಪಾಲುಗಾರರ ಸಾಲು ಬದಲಾಯಿತು.

ಆ ಗ್ರಂಥದ ಪಾಲಿನ ಭಾಗವನ್ನು ಎಚ್. ಟಿ. ಕೋಲ್‌ಬ್ರೂಕ್ ಬಂಗಾಳದಲ್ಲಿ ನಡೆಯುತ್ತಿದ್ದ ದಾಯಭಾಗ ಎಂಬ ಪಾಲಿನ ಗ್ರಂಥದ ಜೊತೆ ಇಂಗ್ಲಿಷಿಗೆ ಮಾಡಿ 1810ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ಮುಂದೆ ಬ್ರಿಟಿಷ್ ನ್ಯಾಯಾಧೀಶರ ಮೇಜಿನ ಮೇಲೆ ಇದ್ದದ್ದು ಮಿತಾಕ್ಷರಾ ಅಲ್ಲ, ಕೋಲ್‌ಬ್ರೂಕ್. ಬಂಗಾಳ ಬಿಟ್ಟು ಹೆಚ್ಚು ಕಡಿಮೆ ಎಲ್ಲ ಕಡೆ ಹಿಂದೂ ಕುಟುಂಬದ ವ್ಯಾಜ್ಯಗಳು ಅದರ ಮೇಲೆ ತೀರ್ಮಾನವಾದವು. 1864ರಲ್ಲಿ ನ್ಯಾಯಾಲಯದ ಪಂಡಿತರ ಹುದ್ದೆಗಳನ್ನೇ ತೆಗೆದುಹಾಕಿದರು. ಪುಸ್ತಕ ಇಂಗ್ಲಿಷಿನಲ್ಲಿ ಇರುವಾಗ ಪಂಡಿತ ಏಕೆ ಎಂದು.

ಕೋಲ್‌ಬ್ರೂಕನನ್ನು ಗೋಡೆಗೆ ಹಾಕಿ. ಆದರೆ ಹೂವು ಏರಿಸಬೇಡಿ. ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಬರುತ್ತ ಹರಿಯುತ್ತಿದ್ದ ನೀರನ್ನು ಒಂದು ಅನುವಾದ ಕಟ್ಟೆ ಕಟ್ಟಿ ನಿಲ್ಲಿಸಿತು ಎಂಬುದೂ ಆ ಹಾಳೆಯಲ್ಲಿ ಇರಲಿ.

ಬೀದರ ಕೋಟೆಯ ಬಾಗಿಲು

ನಮ್ಮ ಬಹಮನಿಗಳನ್ನು ಮರೆತರೆ ಹೇಗೆ? ಶಾಲೆಯಲ್ಲಿ ನಾವು ಓದಿದ ಬಹಮನಿ ಇತಿಹಾಸದ ಅರ್ಧಕ್ಕರ್ಧ ಪಾರಸಿಯಲ್ಲಿ ಫಿರಿಶ್ತಾ ಬರೆದದ್ದು. ಅದನ್ನು ಜಾನ್ ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿಗೆ ತಂದ, ಇಂಗ್ಲಿಷಿನಿಂದ ನಮ್ಮ ಪಠ್ಯಪುಸ್ತಕಕ್ಕೆ ಇಳಿಯಿತು. ಕಲಬುರಗಿಯಲ್ಲಿ ಆಳಿದ ಫಿರೋಜ್ ಶಹಾ ತನ್ನ ಜನಾನದ ಒಬ್ಬೊಬ್ಬ ಹೆಂಗಸಿನೊಂದಿಗೂ ಅವಳ ತಾಯ್ನುಡಿಯಲ್ಲೇ ಮಾತಾಡುತ್ತಿದ್ದ ಎಂದು ಫಿರಿಶ್ತಾ ಹೇಳುತ್ತಾನೆ. ಉತ್ಪ್ರೇಕ್ಷೆ ಇರಬಹುದು, ಆದರೆ ಭಾಷೆ ಬಲ್ಲವನೆಂದು ಅರಸನನ್ನು ಹೊಗಳಿದ ಇತಿಹಾಸಕಾರ ನನಗೆ ಇಷ್ಟ. ಆನೆ ಕೊಂದದ್ದನ್ನು, ಊರು ಸುಟ್ಟದ್ದನ್ನು ಹೊಗಳುವವರು ಎಲ್ಲ ಕಡೆ ಸಿಗುತ್ತಾರೆ.

ನನ್ನ ಆಯ್ಕೆ ಮಾತ್ರ ಬೇರೆ: ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. ಮಹಮೂದ್ ಗವಾನನ ಕಾಲದಲ್ಲಿ, 1470ರ ಸುಮಾರಿಗೆ ಬೀದರಿಗೆ ಬಂದವನು. ಕುದುರೆ ಮಾರಲು ಬಂದ, ಕಂಡದ್ದನ್ನೆಲ್ಲ ಬರೆದಿಟ್ಟ. ಅವನನ್ನು ಅನುವಾದಿಸುವುದು ಬೆಂಕಿಯ ಮೇಲಿನ ನಡಿಗೆ. ಏಕೆಂದರೆ ರಷ್ಯನ್ನಿನಲ್ಲಿ ಬರೆಯುತ್ತ ಬರೆಯುತ್ತ, ಗುಟ್ಟಿನ ಮಾತು ಬಂದಾಗ, ದೇವರನ್ನು ನೆನೆಯುವಾಗ ತುರ್ಕಿ, ಪಾರಸಿ, ಅರಬ್ಬಿ ಕಲಸಿದ ಒಂದು ಸಂತೆಭಾಷೆಗೆ ಹೊರಳುತ್ತಾನೆ. ಪುಸ್ತಕ ಮುಗಿಯುವುದೂ ಹಾಗೆಯೇ, ಮುರುಕು ಅರಬ್ಬಿಯ ಪ್ರಾರ್ಥನೆಯಲ್ಲಿ. ನಮ್ಮ ಬೀದರಿನ ಮನೆಗಳಲ್ಲಿ ಕನ್ನಡದಲ್ಲಿ ಶುರುವಾದ ಜಗಳ ಮರಾಠಿಯಲ್ಲಿ ಏರಿ ದಖನಿಯಲ್ಲಿ ಮುಗಿಯುವುದಿಲ್ಲವೇ, ಅದರಂತೆ. ವೋಲ್ಗಾದ ಕಡೆ ದರೋಡೆಯಾದಾಗ ಅವನ ಪುಸ್ತಕಗಳು ಹೋಗಿದ್ದವು. ಹಾಗಾಗಿ ಈಸ್ಟರ್ ಎಂದು ಬರುತ್ತದೆ ಎಂದು ಲೆಕ್ಕ ಹಾಕಲಾಗದೆ ಅಂದಾಜಿನ ಮೇಲೆ ಉಪವಾಸ ಹಿಡಿಯುತ್ತಿದ್ದ. ಪರದೇಶದಲ್ಲಿ ತಾರೀಕು ಕಳೆದುಕೊಂಡ ಮನುಷ್ಯ. 1857ರಲ್ಲಿ ಇಂಗ್ಲಿಷಿಗೆ ಬಂದ ಮೇಲೆಯೇ ಈ ಕಡೆಯವರಿಗೆ ಅವನ ಪರಿಚಯವಾದದ್ದು.

ಕೋರ್ಟ್ ರಸ್ತೆ ಗುಮಾಸ್ತ

ತಾರೀಕಿನ ಮಾತು ಎತ್ತಿದ್ದೀರಿ. ಹಾಗಾದರೆ ನನ್ನ ನಿಜವಾದ ಅಭ್ಯರ್ಥಿಯನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಿಜಾಮರ ರಾಜ್ಯದಲ್ಲಿ 1884ರಲ್ಲಿ ಪಾರಸಿ ಹೋಗಿ ಉರ್ದು ಆಡಳಿತ ಭಾಷೆಯಾಯಿತು. 1948ರವರೆಗೆ ನಮ್ಮ ಅಜ್ಜಂದಿರ ಹೊಲಮನೆಯ ಕಾಗದಗಳೆಲ್ಲ ಉರ್ದುವಿನಲ್ಲಿ. ಅದೂ ಅಚ್ಚಿನ ಉರ್ದು ಅಲ್ಲ, ಶಿಕಸ್ತಾ. ಚುಕ್ಕೆಗಳನ್ನು ನುಂಗಿ, ಅಕ್ಷರಕ್ಕೆ ಅಕ್ಷರ ಹೆಣೆದು ಓಡಿಸಿದ ಬರವಣಿಗೆ. ಉರ್ದು ಪತ್ರಿಕೆ ಸರಾಗವಾಗಿ ಓದುವವರೂ ಅದರ ಮುಂದೆ ಕೈಚೆಲ್ಲುತ್ತಾರೆ. ಹಣದ ಮೊತ್ತ ಬರೆದಿರುವುದು ಸಿಯಾಖ್ ಎಂಬ ಗುರುತುಗಳಲ್ಲಿ. ಬೀದರ ಕಡೆಯ ಕಾಗದವಾದರೆ ನಡುವೆ ಮೋಡಿ ಲಿಪಿಯ ಮರಾಠಿಯೂ ನುಸುಳಿರುತ್ತದೆ. ಇವನ್ನು ಓದಿ ಕನ್ನಡದಲ್ಲಿ ಹೇಳಬಲ್ಲ ಒಬ್ಬ ಅಜ್ಜ ನಮ್ಮಲ್ಲಿದ್ದಾರೆ. ತೊಂಬತ್ತರ ಹೊಸ್ತಿಲಲ್ಲಿದ್ದಾರೆ. ಬೇವಿನ ಮರದ ಕೆಳಗೆ ಕಬ್ಬಿಣದ ಕುರ್ಚಿ, ಕೈಯಲ್ಲಿ ಹಿತ್ತಾಳೆ ಕಟ್ಟಿನ ಭೂತಗನ್ನಡಿ.

ಒಂದು ವ್ಯಾಜ್ಯ ಬಂದಿತ್ತು. ಊರು, ಹೆಸರು ಬೇಡ. ಹೊಲ ಮಾರಿದ ಕಾಗದ, ಅದರ ಮೇಲೆ ಅಣ್ಣನ ಹೆಬ್ಬೆಟ್ಟು. ತಾರೀಕು ನಿಜಾಮರ ಕಾಲದ ಫಸಲಿ ವರ್ಷದ ಲೆಕ್ಕದಲ್ಲಿ: 'ತೀರ್, 1352 ಫಸಲಿ'. ಬೇರೊಬ್ಬರಿಂದ ಮಾಡಿಸಿದ ಅನುವಾದದಲ್ಲಿ '1942' ಎಂದು ಟೈಪಾಗಿತ್ತು. ಫಸಲಿಗೆ 590 ಕೂಡಿಸಿದರೆ ಇಸವಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಕೂಡಿಸಿದ್ದಾರೆ, ಬರೆದಿದ್ದಾರೆ. ಅಣ್ಣ ತೀರಿಕೊಂಡದ್ದು 1943ರ ಸಂಕ್ರಾಂತಿಯ ವಾರ. ಹಾಗಾದರೆ ಬದುಕಿದ್ದಾಗಲೇ ಮಾರಿದ್ದಾನೆ, ಕಾಗದ ಸರಿ.

ಅಜ್ಜ ಕಾಗದವನ್ನು ಬಿಸಿಲಿಗೆ ಹಿಡಿದರು. ಬೆರಳು ಮಡಚುತ್ತ ತಿಂಗಳು ಎಣಿಸಿದರು: ಆಜರ್, ದೈ, ಬಹಮನ್, ಇಸ್ಫಂದಾರ್... "ಆಜರ್ ಶುರುವಾಗುವುದು ಅಕ್ಟೋಬರ್ ಮೊದಲ ವಾರದಲ್ಲಿ. ತೀರ್ ಎಂಟನೆಯ ತಿಂಗಳು. ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಡಿಸೆಂಬರ್ ದಾಟಿದ ಮೇಲೆ 590 ಅಲ್ಲ, 591" ಎಂದರು. ಅಂದರೆ 1943ರ ಮೇ. ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಅಣ್ಣ ಸತ್ತು ನಾಲ್ಕು ತಿಂಗಳಾಗಿತ್ತು.

ಕಾಗದ ತಂದಿದ್ದ ಕಕ್ಷಿದಾರ ಒಂದು ಮಾತೂ ಆಡಲಿಲ್ಲ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಮುಂದೆ ವ್ಯಾಜ್ಯ ರಾಜಿಯಾಯಿತು. ಆ ದಿನ ಅಜ್ಜ ಪಡೆದದ್ದು ಇನ್ನೂರು ರೂಪಾಯಿ.

ತೊಗರಿ ಕಣಜ

ಕಥೆ ಚೆನ್ನಾಗಿದೆ, ಆದರೆ ಗೋಡೆ ಸಾಹಿತ್ಯದ್ದು. ದುಡ್ಡು ತೆಗೆದುಕೊಂಡು ಕಾಗದ ಓದುವವರನ್ನು ಶ್ರೀವಿಜಯನ ಪಕ್ಕ ಹಾಕುವುದೇ? ನಾಳೆ ನೋಟರಿಗಳು ಬಂದು ನಮ್ಮ ಹಾಳೆ ಎಲ್ಲಿ ಎನ್ನುತ್ತಾರೆ.

ಕೋರ್ಟ್ ರಸ್ತೆ ಗುಮಾಸ್ತ

ಕೋಲ್‌ಬ್ರೂಕ್ ಕಂಪನಿಯ ಸಂಬಳಗಾರ. ಶ್ರೀವಿಜಯನಿಗೆ ಅರಮನೆಯ ಅನ್ನ. ಪುಕ್ಕಟೆ ಮಾಡಿದವರನ್ನು ಮಾತ್ರ ಹಾಕುವುದಾದರೆ ನಿಮ್ಮ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಒಂದೇ ಉಳಿಯುತ್ತದೆ.

ಮಳಖೇಡದ ಮೇಷ್ಟ್ರು

ನನ್ನ ಅಪ್ಪ ಲೆಕ್ಕ ಕಲಿತದ್ದು ಉರ್ದುವಿನಲ್ಲಿ. ತ್ರಿಕೋನ ಎಂದರೆ ಅವರಿಗೆ ತಿಳಿಯುತ್ತಿರಲಿಲ್ಲ, 'ಮುಸಲ್ಲಸ್' ಎನ್ನಬೇಕಿತ್ತು. ನಾನು ಕನ್ನಡ ಶಾಲೆಯಿಂದ ಬಂದು ಮನೆಪಾಠ ಮಾಡುವಾಗ ಅವರು ಪ್ರಶ್ನೆಯನ್ನು ಮನಸ್ಸಿನಲ್ಲೇ ಉರ್ದುವಿಗೆ ಮಾಡಿ, ಬಿಡಿಸಿ, ಉತ್ತರವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ತುಟಿ ಅಲುಗುವುದು ಕಾಣುತ್ತಿತ್ತು. ಹೈದರಾಬಾದಿನಲ್ಲಿ 1917ರಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಕಟ್ಟಿ, ಮರುವರ್ಷ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ವಿಜ್ಞಾನ, ಗಣಿತ, ವೈದ್ಯ, ಕಾನೂನು ಎಲ್ಲವನ್ನೂ ಉರ್ದುವಿಗೆ ತಂದರು. ಇಂಗ್ಲಿಷಿಲ್ಲದೆ ದೊಡ್ಡ ಓದು ಸಾಧ್ಯ ಎಂದು ತೋರಿಸಿದರು. ಆ ಕೆಲಸಕ್ಕೆ ನನ್ನ ನಮಸ್ಕಾರ. ಆದರೆ ಕನ್ನಡದ ಹುಡುಗನಿಗೆ ಅದು ಇನ್ನೊಬ್ಬರ ಮನೆಯ ಊಟ. ಎರಡೂ ಮಾತನ್ನು ಒಂದೇ ಹಾಳೆಯಲ್ಲಿ ಬರೆದುಕೊಡುತ್ತೇನೆ.

ಕಲ್ಯಾಣದ ವಿದ್ಯಾರ್ಥಿನಿ

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು. ಬಸವಕಲ್ಯಾಣದವಳಾಗಿ ಕೇಳುತ್ತೇನೆ, ಭೀಮಕವಿಯನ್ನು ಏಕೆ ಯಾರೂ ಹೇಳಲಿಲ್ಲ? ಬಸವಣ್ಣನವರ ಕಥೆಯನ್ನು ಪುರಾಣವಾಗಿ ಮೊದಲು ಹೇಳಿದ್ದು ತೆಲುಗಿನ ಪಾಲ್ಕುರಿಕೆ ಸೋಮನಾಥ. ಅದನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಹರಿಹರನ ರಗಳೆ ನಮ್ಮಲ್ಲಿ ಮೊದಲೇ ಇತ್ತು, ನಿಜ. ಆದರೆ ಊರೂರಿನ ಮಠಗಳಲ್ಲಿ ಪುರಾಣ ಹಚ್ಚಿಸಿ ಕೇಳಿದ ಬಸವಪುರಾಣ ತೆಲುಗಿನಿಂದ ಮನೆಗೆ ಮರಳಿ ಬಂದದ್ದು. ನಮ್ಮೂರಿನ ಕಥೆಯನ್ನು ನೆರೆಯವರು ಕಾಪಾಡಿ ಕೊಟ್ಟ ಹಾಗಾಯಿತು.

ವಚನಗಳು ಈಗ 23 ಭಾಷೆಗಳಿಗೆ ಹೋಗಿವೆ. ಬೆಂಗಳೂರಿನ ಬಸವ ಸಮಿತಿಯ ಯೋಜನೆ, ಎಂ. ಎಂ. ಕಲಬುರ್ಗಿ ಅವರು ಪ್ರಧಾನ ಸಂಪಾದಕರು, 2,500 ವಚನಗಳು. 2017ರ ಬಸವ ಜಯಂತಿಗೆ ದೆಹಲಿಯಲ್ಲಿ ಬಿಡುಗಡೆಯಾಯಿತು. ಅದನ್ನು ನೋಡಿ ನಾನೂ ನಾಲ್ಕು ವಚನಗಳನ್ನು ದಖನಿಗೆ ಮಾಡಲು ಕುಳಿತೆ. "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ" ಎಂಬಲ್ಲಿಗೆ ಬಂದು ಮೂರು ವಾರದಿಂದ ನಿಂತಿದ್ದೇನೆ. 'ಠಹರಾ ಸೋ', 'ಚಲ್ತಾ ಸೋ' ಎಂದು ಮಾಡಿದೆ. ಕೈಗಾಡಿಯ ಬಗ್ಗೆ ಹೇಳಿದ ಹಾಗಾಯಿತು. ಮನೆಯ ಎದುರಿನ ಉರ್ದು ಮೇಷ್ಟ್ರು 'ಮುಕೀಮ್', 'ಮುಸಾಫಿರ್' ಮಾಡು ಎಂದರು. ನೆಲೆ ನಿಂತವನು, ಹಾದಿಯಲ್ಲಿ ಇರುವವನು. ಪದಗಳು ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ! ರಾತ್ರಿಯೆಲ್ಲ ಖುಷಿಯಾಗಿದ್ದೆ. ಬೆಳಗ್ಗೆ ಅಜ್ಜಿಗೆ ಹೇಳಿದರೆ, "ಮುಸಾಫಿರ ಎಲ್ಲಿಗಾದರೂ ಮುಟ್ಟಬೇಕಲ್ಲ? ಜಂಗಮನಿಗೆ ಮುಟ್ಟುವ ಊರು ಯಾವುದು?" ಎಂದಳು. ಮುಗಿಯಿತು.

ಬೀದರ ಕೋಟೆಯ ಬಾಗಿಲು

'ಫಕೀರ' ಮಾಡಿ ನೋಡು ತಂಗಿ.

ಕಲ್ಯಾಣದ ವಿದ್ಯಾರ್ಥಿನಿ

ನೋಡಿದೆ. ಫಕೀರ ಮನುಷ್ಯ ಮಾತ್ರ ಆಗುತ್ತಾನೆ. ಜಂಗಮ ಎಂದರೆ ಚಲಿಸುವ ಎಲ್ಲವೂ. ಸದ್ಯಕ್ಕೆ 'ಜಂಗಮ' ಎಂದೇ ಬಿಟ್ಟಿದ್ದೇನೆ. ಕಂದಹಾರದವನು ಗ್ರೀಕಿನಲ್ಲಿ 'ಧಮ್ಮ' ಎಂದೇ ಬಿಡದೆ ಒಂದು ಪದ ಆರಿಸಿದನಲ್ಲ, ಅವನ ಧೈರ್ಯ ನನಗಿಲ್ಲ.

ತೊಗರಿ ಕಣಜ

ಸರಿ, ನಾನು ಹಟ ಬಿಟ್ಟೆ. ಅಜ್ಜಿಗೆ ಒಂದು ಹಾಳೆ ಕೊಡಿ. ಕಾಗದ ಓದುವ ಅಜ್ಜನಿಗೂ ಕೊಡಿ. ಆದರೆ ಬದುಕಿರುವವರ ಹೆಸರು ಬೇಡ ಎಂದಿರಲ್ಲ, ಓದುಗರೇ, ಈಗ ಏನು ಮಾಡುತ್ತೀರಿ?

ಅಪ್ಪನ ಕೆರೆ ಓದುಗ

ಅವರ ಹಾಳೆಗಳಲ್ಲೂ ಹೆಸರಿನ ಜಾಗ ಖಾಲಿ ಬಿಡುತ್ತೇನೆ, ಸನ್ನತಿಯವನ ಹಾಗೆ. ಅಜ್ಜ ಬರುತ್ತಾರೆಯೇ, ಕೇಳಿ ನೋಡಿ. ಅವರ ಗೌರವಕ್ಕೆಂದು ಆಮಂತ್ರಣದ ಮೇಲೆ ಫಸಲಿ ತಾರೀಕನ್ನೂ ಹಾಕಿಸಿದ್ದೇನೆ: "30 ಸೆಪ್ಟೆಂಬರ್ 2025, ಮಂಗಳವಾರ, ಸಂಜೆ 6 ಗಂಟೆ, ಆಬಾನ್ 1435 ಫಸಲಿ." ನಲವತ್ತು ಪ್ರತಿ ಅಚ್ಚಾಗಿ ಬಂದಿವೆ.

ಕೋರ್ಟ್ ರಸ್ತೆ ಗುಮಾಸ್ತ

ಅಜ್ಜನಿಗೆ ಆಮಂತ್ರಣ ತೋರಿಸಿದೆ. ಭೂತಗನ್ನಡಿ ಹಿಡಿದು ಎರಡು ಸಲ ಓದಿದರು. ಬರುತ್ತಾರಂತೆ. ಆದರೆ ಓದುಗರೇ, ನೀವು 590 ಕಳೆದಿದ್ದೀರಿ. ಸೆಪ್ಟೆಂಬರಿನಲ್ಲಿ ಹಳೆಯ ಫಸಲಿ ಇನ್ನೂ ಮುಗಿದಿರುವುದಿಲ್ಲ. 1434 ಆಗಬೇಕು.

ಅಪ್ಪನ ಕೆರೆ ಓದುಗ

ನಲವತ್ತು ಪ್ರತಿಯಲ್ಲೂ ಕೈಯಿಂದಲೇ 5 ಅನ್ನು 4 ಮಾಡಬೇಕು. ಕಪ್ಪು ಶಾಯಿಯ ಪೆನ್ನು ಇದ್ದವರು ನಾಳೆ ಸಂಜೆ ವಾಚನಾಲಯಕ್ಕೆ ಬನ್ನಿ. ಚಹಾ ನನ್ನದು.